ತೂಕಕ್ಕೆ ಕೊಂಡ ಸೌದೆ

ಹಳೆಯ ಬೇಕರಿಯ ಇಟ್ಟಿಗೆ ಒಲೆಯಾಗಲಿ, ಮಲೆನಾಡಿನ ಬಚ್ಚಲೊಲೆಯಾಗಲಿ, ಉರಿ ಹಿಡಿಯದಿದ್ದರೆ ಎಲ್ಲರೂ ಒಲೆಯನ್ನೇ ದೂರುತ್ತಾರೆ. ನನ್ನ ತಕರಾರು ಅದಕ್ಕೂ ಮೊದಲಿನದು: ಹಸಿಯೋ ಒಣವೋ ನೋಡದೆ ಸೌದೆಯನ್ನು ಟನ್ ಲೆಕ್ಕದಲ್ಲಿ ಕೊಳ್ಳುವ ರೂಢಿ.

ಆಗತಾನೆ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅಂಥ ಒಂದು ಟನ್ ಸೌದೆಯಲ್ಲಿ ಉರಿಯುವ ಕಟ್ಟಿಗೆ 500 ಕಿಲೋ ಮಾತ್ರ. ಒಣಗಿ ನೀರಿನಂಶ ಶೇ. 20ಕ್ಕೆ ಇಳಿಯುವ ಹೊತ್ತಿಗೆ ತೂಕ 625 ಕಿಲೋಗೆ ಬಂದಿರುತ್ತದೆ. ಉಳಿದ 375 ಕಿಲೋ ನೀರಿಗೂ ದುಡ್ಡು ಕೊಟ್ಟಾಗಿದೆ, ಲಾರಿ ಬಾಡಿಗೆಯನ್ನೂ ತೆತ್ತಾಗಿದೆ. ಹಸಿಯಾಗಿಯೇ ಒಲೆಗಿಟ್ಟರಂತೂ ಉರಿಯ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಕೊರಡಿನ ತುದಿಯಲ್ಲಿ ನೊರೆ ಬುಸುಗುಟ್ಟುತ್ತದೆ, ಹೊಗೆಕೊಳವೆಯೊಳಗೆ ಅಂಟು ಮಸಿ ಕಟ್ಟುತ್ತದೆ. ಬೇಕರಿಯಲ್ಲಿ ಇದರ ಪೆಟ್ಟು ಬ್ರೆಡ್ಡಿಗೇ ಬೀಳುತ್ತದೆ. ಅಲ್ಲಿ ಒಳಗೆ ಬೆಂಕಿ ಹಾಕಿ, ಆಮೇಲೆ ಕೆಂಡ ಸರಿಸಿ, ಇಟ್ಟಿಗೆ ಹಿಡಿದಿಟ್ಟ ಕಾವಿನಲ್ಲಿ ಬೇಯಿಸುವುದು. ಕಾವು ಸಾಲದಿದ್ದರೆ ಮೇಲ್ಮೈ ಕೆಂಪಾಗುವಷ್ಟರಲ್ಲಿ ಒಳಗಿನ ಹಸಿ ಆರಿ ಬ್ರೆಡ್ಡು ಬಿರುಸಾಗುತ್ತದೆ.

ಕೊಳ್ಳುವವರು ಕೇಳುವುದು ಮರದ ಜಾತಿ. ಸರ್ವೆ, ಹುಣಸೆ, ಜಾಲಿ ಎಂದರೆ ಮುಗಿಬೀಳುತ್ತಾರೆ. ಅದು ತಪ್ಪಲ್ಲ, ಗಟ್ಟಿಮರದ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಆದರೆ ಚೆನ್ನಾಗಿ ಒಣಗಿದ ಮೇಲೆ ಕಿಲೋಗೆ ಕಿಲೋ ಹೋಲಿಸಿದರೆ ಮರಮರಕ್ಕೆ ಕಾವಿನಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಹಾಗಾಗಿ ಗಾಡಿ ಲೆಕ್ಕದಲ್ಲಿ ಕೊಳ್ಳುವಾಗ ಜಾತಿ ನೋಡಬೇಕು, ತೂಕಕ್ಕೆ ಕೊಳ್ಳುವಾಗ ಒಣಗಿದೆಯೇ ಎಂದು ನೋಡಬೇಕು. ಹೊಲಗೇರನ್ನು ಮಾತ್ರ ಯಾವ ಲೆಕ್ಕದಲ್ಲೂ ಕೊಳ್ಳಬಾರದು. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ.

ಸೌದೆ ಒಣಗಿಸುವ ವಿಷಯದಲ್ಲಿ ಮಲೆನಾಡಿನ ಮನೆಗಳಷ್ಟು ಸರಿಯಾಗಿ ನಡೆದುಕೊಂಡವರನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲೇ ಕೊರಡು ಸೀಳಿ, ಬಿಸಿಲಿಗೆ ಹಾಕಿ, ಮಳೆ ಹಿಡಿಯುವ ಮುಂಚೆ ಕೊಟ್ಟಿಗೆಯಲ್ಲಿ ಒಟ್ಟುತ್ತಾರೆ. ಸೀಳುವುದೇ ಇಲ್ಲಿ ಮುಖ್ಯ, ತೊಗಟೆ ನೀರನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ರೂಪಿಸಿದ ಮೂರು ಪಾತ್ರೆಯ ಒಲೆ ಸೌದೆ ಉಳಿಸುವುದರಲ್ಲಿ ದೊಡ್ಡ ಹೆಜ್ಜೆ. ಆ ಒಲೆಯೂ ಹಸಿ ಸೌದೆಯ ನೀರನ್ನು ಇಲ್ಲವಾಗಿಸಲಾರದು.

ಡಿಪೋದಲ್ಲಿ ಎರಡು ತುಂಡು ತೆಗೆದು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಎನ್ನುತ್ತದೆ, ಹಸಿಯಿದ್ದರೆ ದಬ್ ಎನ್ನುತ್ತದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ತೊಗಟೆ ಸಲೀಸಾಗಿ ಏಳಬೇಕು. ದಪ್ಪ ತುಂಡೊಂದನ್ನು ಸೀಳಿಸಿ ಒಳಮೈ ಮುಟ್ಟಿ ನೋಡಿ. ಹೊರಗೆ ಒಣಗಿ ಒಳಗೆ ತಣ್ಣಗಿರುವುದೇ ಹೆಚ್ಚು. ಒಣ ಸೌದೆಗೆ ಹೆಚ್ಚು ದರ ಹೇಳಿದರೆ ಚೌಕಾಸಿಗೆ ಇಳಿಯಬೇಡಿ. ಮೇಲಿನ ಲೆಕ್ಕದಂತೆ ಹಸಿಯದರ ಒಂದೂವರೆ ಪಟ್ಟು ಕೊಟ್ಟರೂ ಲಾಭ ನಿಮ್ಮದೇ.