ರನ್‌ವೇ ಕಂಡಿತು, ಊರು ಯಾವುದು?

ವಿಮಾನವೊಂದು ಹೋಗಬೇಕಾದ ಊರು ಬಿಟ್ಟು ಪಕ್ಕದ ನಿಲ್ದಾಣದಲ್ಲಿ ಇಳಿಯಿತು ಎಂಬ ಸುದ್ದಿ ಬಂದರೆ ಓದಿದವರು ನಗುತ್ತಾರೆ, ಕಂಪನಿ ಪೈಲಟ್‌ಗಳನ್ನು ಹಾರಾಟದಿಂದ ದೂರವಿಡುತ್ತದೆ, ಅಲ್ಲಿಗೆ ಪ್ರಕರಣ ಮುಗಿಯುತ್ತದೆ. ನಗುವೂ ಶಿಕ್ಷೆಯೂ ಅವಸರದ ತೀರ್ಪುಗಳೇ. ಉಪಗ್ರಹ, ನಕ್ಷೆ, ರೇಡಿಯೊ ಎಲ್ಲವೂ ಕೈಯಲ್ಲಿದ್ದು, ವರ್ಷಗಟ್ಟಲೆ ತರಬೇತಿ ಪಡೆದ ಇಬ್ಬರು ಒಟ್ಟಿಗೇ ತಪ್ಪು ಜಾಗಕ್ಕೆ ಇಳಿಯುತ್ತಾರೆಂದರೆ ಅದನ್ನು ಪೆದ್ದುತನ ಎಂದು ತಳ್ಳಿಹಾಕಲಾಗದು. ಆಕಾಶ ತಿಳಿಯಾಗಿದ್ದಾಗ ರನ್‌ವೇಯನ್ನು ಕಣ್ಣಾರೆ ನೋಡಿ ಇಳಿಯುವ ‘ವಿಷುಯಲ್ ಅಪ್ರೋಚ್’ ಎಂಬ ಪದ್ಧತಿಯನ್ನೇ ಒರೆಗೆ ಹಚ್ಚಬೇಕು.

ಬೆಂಗಳೂರಿನ ದಕ್ಷಿಣದ ಹುಳಿಮಾವಿನಲ್ಲಿ ಕೂತು ಇದನ್ನು ಬರೆಯುವುದಕ್ಕೆ ಕಾರಣವಿದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ರಾಜ್ಯ ಸರ್ಕಾರ ಮುಂದಿಟ್ಟ ಮೂರು ಜಾಗಗಳಲ್ಲಿ ಎರಡು, ಚೂಡಹಳ್ಳಿ ಮತ್ತು ಸೋಮನಹಳ್ಳಿ, ನಮ್ಮ ಪಕ್ಕದ ಕನಕಪುರ ರಸ್ತೆಯಲ್ಲಿವೆ. ಮೂರನೆಯದು ನೆಲಮಂಗಲ–ಕುಣಿಗಲ್ ರಸ್ತೆಯ ಕಡೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿ ಹೋಯಿತು. ಅದಕ್ಕೂ ಮೊದಲೇ, 2024ರ ಜೂನ್‌ನಲ್ಲಿ, ಹೊಸೂರಿನಲ್ಲಿ 2,000 ಎಕರೆಯ ಅಂತಾರಾಷ್ಟ್ರೀಯ ನಿಲ್ದಾಣ ಕಟ್ಟುವುದಾಗಿ ತಮಿಳುನಾಡು ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಘೋಷಿಸಿದ್ದರು. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಇದೆಲ್ಲ ಸೈಟಿನ ದರದ ಮಾತಾಗಿಯಷ್ಟೇ ಓಡಾಡುತ್ತಿದೆ. ದಕ್ಷಿಣದ ಆಕಾಶಕ್ಕೆ ಒಂದೋ ಎರಡೋ ಹೊಸ ರನ್‌ವೇ ಸೇರಿದರೆ ಮೇಲಿನಿಂದ ನೋಡುವವನ ಕಣ್ಣಿಗೆ ಏನು ಕಾಣುತ್ತದೆ ಎಂದು ಯಾರೂ ಕೇಳುತ್ತಿಲ್ಲ.

ಮೊದಲು ಗಾಳಿಯ ಲೆಕ್ಕ. ವಿಮಾನ ಏರುವುದೂ ಇಳಿಯುವುದೂ ಎದುರು ಗಾಳಿಗೆ, ಹಾಗಾಗಿ ರನ್‌ವೇ ಯಾವ ದಿಕ್ಕಿಗೆ ಮಲಗಬೇಕೆಂದು ಗಾಳಿಯೇ ಹೇಳುತ್ತದೆ. ಬೆಂಗಳೂರಿನಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ. ಪರಿಣಾಮ ನೋಡಿ: ಎಚ್‌ಎಎಲ್ ರನ್‌ವೇ 09/27, ಯಲಹಂಕ ವಾಯುನೆಲೆ 09/27, ದೇವನಹಳ್ಳಿಯ ಅಂತಾರಾಷ್ಟ್ರೀಯ ನಿಲ್ದಾಣದ ಎರಡೂ ರನ್‌ವೇಗಳು 09/27, ಜಕ್ಕೂರು 08/26. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದರೆ ಸಿಗುವ ಸಂಖ್ಯೆಗಳಿವು. 09 ಎಂದರೆ ನೇರ ಮೂಡಣ. ಹೊಸೂರಿನ ಬಳಿ ಈಗಿರುವ ಖಾಸಗಿ ಏರ್‌ಸ್ಟ್ರಿಪ್ ಕೂಡ ಅದೇ ದಿಕ್ಕಿನದು. ಒಂದೇ ಗಾಳಿ ಬೀಸುವ ಸೀಮೆಯಲ್ಲಿ ಅಕ್ಕಪಕ್ಕದ ನಿಲ್ದಾಣಗಳು ಒಂದನ್ನೊಂದು ಹೋಲುವುದು ಸಹಜ. ಪೈಲಟ್ ಕಾಕ್‌ಪಿಟ್‌ಗೆ ಹತ್ತುವ ಮೊದಲೇ ಅವನನ್ನು ಗೊಂದಲಕ್ಕೆ ಕೆಡವುವ ಅರ್ಧ ಕೆಲಸ ನೆಲದ ಮೇಲೆ ಮುಗಿದಿರುತ್ತದೆ.

ನಮ್ಮ ದೇಶದ ಪ್ರಸಿದ್ಧ ಪ್ರಕರಣ ಮುಂಬೈಯದು. 1972ರ ಸೆಪ್ಟೆಂಬರ್ 24ರಂದು ಜಪಾನ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಸಾಂತಾಕ್ರೂಜ್‌ನಲ್ಲಿ ಇಳಿಯಬೇಕಿದ್ದುದು ಜುಹುವಿನ ಪುಟ್ಟ ಏರೋಡ್ರೋಮ್‌ನಲ್ಲಿ ಇಳಿದು, ರನ್‌ವೇ ಸಾಲದೆ ಆಚೆ ನುಗ್ಗಿತು. ಜೀವಹಾನಿಯಾಗಲಿಲ್ಲ, ವಿಮಾನ ಮಾತ್ರ ಮತ್ತೆ ಹಾರಲಿಲ್ಲ. 1953ರಲ್ಲಿ ಬ್ರಿಟನ್ನಿನ ಬಿಒಎಸಿ ಸಂಸ್ಥೆಯ ಕಾಮೆಟ್ ಜೆಟ್ ಕೂಡ ಇಲ್ಲೇ ಹೀಗೇ ಇಳಿದಿತ್ತು. ಸಾಂತಾಕ್ರೂಜ್ ರನ್‌ವೇ 09, ಜುಹುವಿನದು 08. ಅರಬ್ಬಿ ಸಮುದ್ರದ ಕಡೆಯಿಂದ ಮೂಡಣಕ್ಕೆ ಮುಖ ಮಾಡಿ ಬರುವವನಿಗೆ ಮೊದಲು ಸಿಗುವುದು ಜುಹು. ಹತ್ತೊಂಬತ್ತು ವರ್ಷದ ಅಂತರದಲ್ಲಿ ಬೇರೆ ದೇಶದ, ಬೇರೆ ಕಂಪನಿಯ, ಬೇರೆ ವಿಮಾನದ ಸಿಬ್ಬಂದಿ ಅದೇ ಜಾಗದಲ್ಲಿ ಅದೇ ತಪ್ಪು ಮಾಡಿದರೆ ಮನುಷ್ಯರಿಗಿಂತ ಜಾಗವನ್ನು ವಿಚಾರಿಸುವುದು ಲೇಸು.

ಹೀಗೆ ಮೊದಲು ಸಿಗುವುದೇ ಈ ಪ್ರಕರಣಗಳ ಗಂಟು. 2013ರ ನವೆಂಬರ್‌ನಲ್ಲಿ ಬೋಯಿಂಗ್ ಬಿಡಿಭಾಗ ಸಾಗಿಸುವ ದೈತ್ಯ 747 ಡ್ರೀಮ್‌ಲಿಫ್ಟರ್ ಅಮೆರಿಕದ ವಿಚಿಟಾದಲ್ಲಿ ಮೆಕ್‌ಕಾನೆಲ್ ವಾಯುನೆಲೆಯ ಬದಲು ಜಬಾರಾ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿಯಿತು. ಬಡಗಣದಿಂದ ಬರುವವನ ದಾರಿಯಲ್ಲಿ ಜಬಾರಾ, ಬೀಚ್, ಮೆಕ್‌ಕಾನೆಲ್ ಮೂರೂ ನಿಲ್ದಾಣಗಳು ಹೆಚ್ಚುಕಡಿಮೆ ಒಂದೇ ಸಾಲು. ಇಳಿದ ಮೇಲೂ ತಾವು ಎಲ್ಲಿದ್ದೇವೆಂದು ಸಿಬ್ಬಂದಿಗೆ ತಕ್ಷಣ ಹೇಳಲಾಗಲಿಲ್ಲ. ಅದಾಗಿ ಎರಡು ತಿಂಗಳೊಳಗೆ, 2014ರ ಜನವರಿ 12ರ ರಾತ್ರಿ, 124 ಪ್ರಯಾಣಿಕರಿದ್ದ ಸೌತ್‌ವೆಸ್ಟ್ ಕಂಪನಿಯ 737 ಅದೇ ದೇಶದ ಬ್ರಾನ್ಸನ್ ನಿಲ್ದಾಣಕ್ಕೆ ಹೋಗುತ್ತ ಅದಕ್ಕಿಂತ ಮುಂಚೆ ಸಿಗುವ ಕ್ಲಾರ್ಕ್ ಡೌನ್‌ಟೌನ್ ನಿಲ್ದಾಣದಲ್ಲಿ ಇಳಿಯಿತು. ಬ್ರಾನ್ಸನ್ ರನ್‌ವೇ 7,140 ಅಡಿ, ಇದು 3,738 ಅಡಿ. ವಿಮಾನ ನಿಂತಾಗ ಮುಂದೆ ಉಳಿದಿದ್ದ ರನ್‌ವೇ ಸುಮಾರು 300 ಅಡಿ. ಅದರಾಚೆ ಇಳಿಜಾರು, ಅದರ ಕೆಳಗೆ ಹೆದ್ದಾರಿ.

ಬ್ರಾನ್ಸನ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಪದ್ಧತಿಯ ಬಿರುಕು ಅಲ್ಲಿ ಸ್ಪಷ್ಟ. ನಿಜವಾದ ಗುರಿ ಇನ್ನೂ ಮುಂದಿದೆ ಎಂದು ತೋರಿಸಬಲ್ಲ ಮಾಹಿತಿ ಕಾಕ್‌ಪಿಟ್‌ನಲ್ಲೇ ಇತ್ತು. ಆದರೆ ‘ಏರ್‌ಪೋರ್ಟ್ ಕಂಡಿತು’ ಎಂದು ರೇಡಿಯೊದಲ್ಲಿ ಹೇಳಿದ ಕ್ಷಣದಿಂದ ಪೈಲಟ್ ಹುಡುಕುವುದನ್ನು ಬಿಟ್ಟು ಇಳಿಸುವ ಕೆಲಸಕ್ಕೆ ತಿರುಗುತ್ತಾನೆ. ಪಕ್ಕದವನು ಅದನ್ನು ಸ್ವತಂತ್ರವಾಗಿ ಪರೀಕ್ಷಿಸಬೇಕು ಎಂಬುದು ನಿಯಮ. ಆದರೆ ‘ಅಗೋ ಅಲ್ಲಿ’ ಎಂದು ಬೆರಳು ತೋರಿಸಿದ ಮೇಲೆ ನೋಡುವ ಕಣ್ಣು ಸ್ವತಂತ್ರವಾಗಿ ಉಳಿಯುವುದಿಲ್ಲ. ಮೂರನೆಯದಾಗಿ, ಟವರ್‌ನವರು ಇಳಿಯಲು ಅನುಮತಿ ಕೊಟ್ಟಾಗ ವಿಮಾನ ಆ ಸಣ್ಣ ನಿಲ್ದಾಣವನ್ನು ಇನ್ನೂ ದಾಟಿರಲಿಲ್ಲ. ಟವರ್ ಹೇಳಿದ್ದು ‘ನಮ್ಮ ರನ್‌ವೇ ಖಾಲಿ ಇದೆ’ ಎಂಬುದನ್ನಷ್ಟೇ. ಪೈಲಟ್ ಕೇಳಿಸಿಕೊಂಡದ್ದು ‘ನೀನು ನೋಡುತ್ತಿರುವುದು ಸರಿ’ ಎಂದು. ಮೂವರ ಒಪ್ಪಿಗೆ ಇದೆ ಅನ್ನಿಸುತ್ತದೆ, ನಿಜಕ್ಕೂ ನೋಡಿದವನು ಒಬ್ಬನೇ.

ರನ್‌ವೇ ಹೊಸದಾಗಿದ್ದರೆ ಇನ್ನೊಂದು ತೊಡಕು. 2018ರ ಸೆಪ್ಟೆಂಬರ್ 7ರಂದು ತಿರುವನಂತಪುರದಿಂದ ಮಾಲೆಗೆ ಹೋದ ಏರ್ ಇಂಡಿಯಾದ ಎ320 ಅಲ್ಲಿ ಇನ್ನೂ ಕಟ್ಟುತ್ತಿದ್ದ ರನ್‌ವೇ ಮೇಲೆ, ಹಗಲು ಹೊತ್ತಿನಲ್ಲಿ, ಇಳಿಯಿತು. 2021ರ ಏಪ್ರಿಲ್‌ನಲ್ಲಿ ಇಥಿಯೋಪಿಯನ್ ಏರ್‌ಲೈನ್ಸ್‌ನ ಸರಕು ವಿಮಾನ ಜಾಂಬಿಯಾದ ಎನ್‌ಡೋಲಾದಲ್ಲಿ ಉದ್ಘಾಟನೆಯೇ ಆಗದ ನಿಲ್ದಾಣಕ್ಕೆ ಇಳಿಯಿತು. ಅದೇ ದಿನ ಅದೇ ಕಂಪನಿಯ ಇನ್ನೊಂದು ವಿಮಾನ ಇಳಿಯಲು ಹೋಗಿ ಕೊನೆಗೆ ಮೇಲೇರಿತು. ಅಚ್ಚುಕಟ್ಟಾದ ಹೊಸ ಡಾಂಬರು ಕಣ್ಣನ್ನು ಎಳೆಯುತ್ತದೆ.

ಬೆಂಗಳೂರಿಗೆ ಬರೋಣ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಎಚ್‌ಎಎಲ್ ರನ್‌ವೇಗೆ ಸ್ವಲ್ಪ ಮೊದಲೇ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಅದು ತಪ್ಪು ನಿಲ್ದಾಣದ ಪ್ರಕರಣವಲ್ಲ, ಆದರೂ ಅದೇ ಕುಲದ್ದು. ಹಗಲು, ತಿಳಿಯಾದ ಆಕಾಶ, ವಿಷುಯಲ್ ಅಪ್ರೋಚ್. ರನ್‌ವೇ ಕಣ್ಣೆದುರಿಗಿತ್ತು, ಎಂಜಿನ್‌ಗಳು ಐಡಲ್‌ಗೆ ಇಳಿದದ್ದು ಗಮನಕ್ಕೆ ಬರಲಿಲ್ಲ. ಇಳಿಯುವ ವೇಗ ನಿಗದಿ ಮಾಡುವ ಗುಬ್ಬಿಯ ಬದಲು ಪಕ್ಕದ ಎತ್ತರದ ಗುಬ್ಬಿಯನ್ನು ತಿರುಗಿಸಿರಬಹುದು ಎಂಬ ಸಾಧ್ಯತೆ ವಿಚಾರಣೆಯಲ್ಲಿ ಹೊರಬಂತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ವಿಚಾರಣಾ ನ್ಯಾಯಾಲಯ ಅಪಾಯವನ್ನು ಅರಿತು ಸಕಾಲಕ್ಕೆ ಥ್ರಾಟಲ್ ಏರಿಸದಿದ್ದುದನ್ನು ಮುಖ್ಯ ಕಾರಣವೆಂದು ಹೇಳಿತು. ಹೇಳಿದ್ದು ತಪ್ಪಲ್ಲ. ಆದರೆ ಅಂಥ ವರದಿಯಿಂದ ಸಾರ್ವಜನಿಕರ ನೆನಪಿನಲ್ಲಿ ಉಳಿಯುವುದು ‘ಪೈಲಟ್ ತಪ್ಪು’ ಎಂಬ ಎರಡು ಪದ. ಒಂದೇ ತೆರನ ಎರಡು ಗುಬ್ಬಿ ಅಕ್ಕಪಕ್ಕ ಇರುವುದೂ ಒಂದೇ ತೆರನ ಎರಡು ರನ್‌ವೇ ಅಕ್ಕಪಕ್ಕ ಇರುವುದೂ ವಿನ್ಯಾಸದ ವಿಷಯ ಎಂಬುದು ಆ ಎರಡು ಪದದ ಹಿಂದೆ ಮರೆಯಾಗುತ್ತದೆ.

ವಿಷುಯಲ್ ಅಪ್ರೋಚ್‌ಗೂ ಅದರದ್ದೇ ಗುಣವಿದೆ, ಅದನ್ನು ಒಪ್ಪಬೇಕು. ದಾರಿ ಕಡಿಮೆ, ಇಂಧನ ಕಡಿಮೆ, ದಟ್ಟಣೆಯ ಹೊತ್ತಿನಲ್ಲಿ ಕಂಟ್ರೋಲರ್‌ಗೆ ಉಸಿರಾಡಲು ಸಮಯ. ದಿನವೂ ಸಾವಿರಾರು ವಿಮಾನಗಳು ಹಾಗೇ ಕ್ಷೇಮವಾಗಿ ಇಳಿಯುತ್ತವೆ. ನನ್ನ ತಕರಾರು, ಕಣ್ಣನ್ನು ನಂಬಿದ ಮೇಲೆ ಉಪಕರಣವನ್ನು ಕೇಳದೆ ಬಿಡುವ ರೂಢಿಯ ಬಗ್ಗೆ.

ಪರಿಹಾರಗಳಲ್ಲಿ ನನಗೆ ಹಿಡಿಸಿದ ಮೊದಲನೆಯದು ತೀರಾ ಸರಳ. 1960ರಲ್ಲಿ ಪ್ಯಾನ್ ಆಮ್‌ನ 707 ಲಂಡನ್ನಿನ ಹೀಥ್ರೂ ಬದಲು ನಾರ್ತ್‌ಹೋಲ್ಟ್‌ನಲ್ಲಿ ಇಳಿಯಿತು. ಎರಡೂ ನಿಲ್ದಾಣಗಳ ದಾರಿಯಲ್ಲಿ ಒಂದೊಂದು ಗ್ಯಾಸ್ ಟ್ಯಾಂಕ್ ಇದ್ದು, ಅದೇ ಪೈಲಟ್‌ಗಳ ಗುರುತಾಗಿತ್ತು. ಸೌತಾಲ್‌ನ ಟ್ಯಾಂಕಿನ ಮೇಲೆ ‘ಎಲ್‌ಎಚ್’, ಸೌತ್ ಹ್ಯಾರೋ ಟ್ಯಾಂಕಿನ ಮೇಲೆ ‘ಎನ್‌ಒ’ ಎಂದು ದಪ್ಪಕ್ಷರದಲ್ಲಿ ಬಣ್ಣ ಬಳಿದರು. ಗೊಂದಲದ ಮೂಲ ನೆಲದಲ್ಲಿದೆ ಎಂದು ಒಪ್ಪಿಕೊಂಡ ಪರಿಹಾರ ಅದು. ಎರಡನೆಯದು ಬ್ರಾನ್ಸನ್ ನಂತರ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ 2015ರಲ್ಲಿ ಕೊಟ್ಟ ಶಿಫಾರಸು: ಗೊಂದಲಕ್ಕೆ ಎಡೆಯಿರುವ ಬೇರೆ ನಿಲ್ದಾಣಗಳನ್ನೆಲ್ಲ ವಿಮಾನ ದಾಟುವವರೆಗೆ ಟವರ್ ಇಳಿಯುವ ಅನುಮತಿ ಕೊಡಬಾರದು. ಇದು ಕಂಟ್ರೋಲರ್‌ನ ಮಾತಿಗೆ ಪೈಲಟ್ ಹಚ್ಚಿಕೊಳ್ಳುವ ತಪ್ಪು ಅರ್ಥವನ್ನೇ ಕತ್ತರಿಸುತ್ತದೆ. ನಾನು ಕಂಡ ಪರಿಹಾರಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಆಕಾಶ ಎಷ್ಟೇ ತಿಳಿಯಾಗಿರಲಿ, ಇಳಿಯಬೇಕಾದ ರನ್‌ವೇಯ ದಾರಿಯನ್ನು ರೇಡಿಯೊ ಅಲೆಯಿಂದ ತೋರಿಸುವ ಐಎಲ್‌ಎಸ್ ಸಂಕೇತವನ್ನು ಹಾಕಿಟ್ಟುಕೊಂಡೇ ಬರುವುದು ಅದರ ಬೆನ್ನಿಗೇ ನಿಲ್ಲುತ್ತದೆ: ಕಣ್ಣಿಗೆ ಕಂಡ ರನ್‌ವೇಗೂ ಸೂಜಿ ತೋರಿಸುವ ದಾರಿಗೂ ತಾಳೆಯಾಗದಿದ್ದರೆ ಮೇಲೇರಬೇಕು. ಅಮಾನತು ಈ ಪಟ್ಟಿಯ ಕೊನೆಯದು. ಮುಂದಿನ ಸಿಬ್ಬಂದಿಯ ಕಣ್ಣೆದುರು ಅದೇ ರನ್‌ವೇ ಅಲ್ಲೇ ಇರುತ್ತದೆ.

ಬೆಂಗಳೂರಿಗೆ ಇಲ್ಲಿಯವರೆಗೆ ಭೂಗೋಳ ಒಲಿದಿದೆ. ಹೊಸೂರು, ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಇವು ತೆಂಕಣದಿಂದ ಬಡಗಣಕ್ಕೆ ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ಇವೆ. ವಿಚಿಟಾದ ಹಾಗೆ ಒಂದೇ ಸಾಲಿನಲ್ಲಿ ಒಂದರ ಹಿಂದೊಂದು ಇಲ್ಲ. ದೇವನಹಳ್ಳಿಗೆ ನೇರ ಬರುವ ವಿಮಾನದ ಎದುರಿಗೆ ಯಲಹಂಕ ಬರುವುದಿಲ್ಲ, ಪಕ್ಕಕ್ಕೆ ಬರುತ್ತದೆ. ರಾಡಾರ್ ಕಂಟ್ರೋಲರ್‌ಗಳು ವಿಮಾನಗಳನ್ನು ಐಎಲ್‌ಎಸ್ ದಾರಿಗೆ ಸೇರಿಸುವುದೂ ಇನ್ನೊಂದು ರಕ್ಷೆ. ಹಾಗೆಂದು ನೆಲದಲ್ಲಿರುವವರ ತಿಳಿವಳಿಕೆ ಯಾವಾಗಲೂ ಒಂದೇ ಇರುತ್ತದೆ ಎನ್ನಲಾಗದು. 2022ರ ಜನವರಿ 7ರಂದು ದೇವನಹಳ್ಳಿಯಲ್ಲಿ ದಕ್ಷಿಣದ ರನ್‌ವೇಯಿಂದ ಟೇಕಾಫ್ ನಿಲ್ಲಿಸಿದ್ದು ಅಲ್ಲಿನ ಕಂಟ್ರೋಲರ್‌ಗೆ ತಿಳಿಯದೆ, ಇಂಡಿಗೋದ ಎರಡು ವಿಮಾನಗಳು ಎರಡು ರನ್‌ವೇಗಳಿಂದ ಏಕಕಾಲಕ್ಕೆ ಏರಿದವು. ರಾಡಾರ್ ಕಂಟ್ರೋಲರ್ ಕಂಡು ಬೇರ್ಪಡಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನ ಉಳಿದರು.

ದೇವನಹಳ್ಳಿ ನಿಲ್ದಾಣ ಕಟ್ಟಲು ಮಾಡಿಕೊಂಡ ಒಪ್ಪಂದದ ಪ್ರಕಾರ 2033ರವರೆಗೆ 150 ಕಿಲೋಮೀಟರ್ ಒಳಗೆ ಹೊಸ ಅಂತಾರಾಷ್ಟ್ರೀಯ ನಿಲ್ದಾಣ ಬರುವಂತಿಲ್ಲ. ಅಷ್ಟು ಸಮಯ ನಮ್ಮ ಬಳಿ ಇದೆ. ಕನಕಪುರ ರಸ್ತೆಯ ರನ್‌ವೇಯೂ ಹೊಸೂರಿನ ರನ್‌ವೇಯೂ ಒಂದೇ ಗಾಳಿಗೆ ಮುಖ ಮಾಡುತ್ತವೆ. ಅವು ಮೆಟ್ಟಿಲಾಗುತ್ತವೋ ಒಂದೇ ಸಾಲಾಗುತ್ತವೋ ಎಂಬುದು ಜಾಗದ ಆಯ್ಕೆಯಲ್ಲೇ ತೀರ್ಮಾನವಾಗುತ್ತದೆ. ಹುಳಿಮಾವು, ಗೊಟ್ಟಿಗೆರೆ, ಅಂಜನಾಪುರದ ನಿವಾಸಿಗಳ ಸಂಘಗಳು ಸೈಟಿನ ದರ, ರಸ್ತೆ ಅಗಲೀಕರಣ ಕೇಳುವಾಗ ಈ ಪ್ರಶ್ನೆಗಳನ್ನೂ ಅರ್ಜಿಗೆ ಸೇರಿಸಲಿ: ಹೊಸ ರನ್‌ವೇಯ ನೇರದಲ್ಲಿ ಇನ್ನಾವ ರನ್‌ವೇ ಬರುತ್ತದೆ, ಎರಡೂ ತುದಿಗೆ ಐಎಲ್‌ಎಸ್ ಇರುತ್ತದೆಯೇ, ಇಳಿಯುವ ಅನುಮತಿಯನ್ನು ಟವರ್ ಯಾವ ಹಂತದಲ್ಲಿ ಕೊಡುತ್ತದೆ. ಉತ್ತರ ಲಿಖಿತವಾಗಿ, ಕನ್ನಡದಲ್ಲಿ, ಭೂಸ್ವಾಧೀನದ ನೋಟಿಸಿಗೆ ಮೊದಲು ಬರಬೇಕು.