ಕೂಸಿಗೆ ಮೊದಲೇ ಕುಲಾವಿ

2024ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಸರ್ಕಾರಿ ಶಾಲೆಗಳ ಮುಖ್ಯಸ್ಥ ಆಲ್ಬರ್ಟೊ ಕರ್ವಾಲೊ ‘ಎಡ್’ ಎಂಬ ಚಾಟ್‌ಬಾಟನ್ನು ಭಾರೀ ಸಡಗರದಿಂದ ಲೋಕಾರ್ಪಣೆ ಮಾಡಿದರು. ಸೂರ್ಯನ ಆಕಾರದ ಕಾರ್ಟೂನು ಮುಖ, ನೂರು ಭಾಷೆ ಬಲ್ಲದು ಎಂಬ ಹೊಗಳಿಕೆ, ಪ್ರತಿ ಮಗುವಿಗೂ ಒಬ್ಬ ಆಪ್ತ ಸಹಾಯಕ ಸಿಕ್ಕಂತೆ ಎಂಬ ಬಣ್ಣನೆ. ಮಗುವಿನ ಅಂಕ ಎಷ್ಟು, ಹಾಜರಿ ಹೇಗಿದೆ, ಮಧ್ಯಾಹ್ನದ ಊಟಕ್ಕೆ ಏನಿದೆ, ಶಾಲೆಯ ಬಸ್ಸು ಎಲ್ಲಿಗೆ ಬಂತು, ಎಲ್ಲವನ್ನೂ ಅದು ಹೇಳಬೇಕಿತ್ತು. ಜೂನ್ 14ಕ್ಕೆ ಎಡ್ ಬಾಯಿ ಮುಚ್ಚಿತು. ಅದನ್ನು ಕಟ್ಟಿಕೊಟ್ಟಿದ್ದ ಆಲ್‌ಹಿಯರ್ ಎಂಬ ಬಾಸ್ಟನ್ ಕಂಪನಿ ಕೈಯಲ್ಲಿ ಕಾಸಿಲ್ಲದೆ ಬಹುಪಾಲು ನೌಕರರನ್ನು ಮನೆಗೆ ಕಳಿಸಿತ್ತು. ಐದು ವರ್ಷಕ್ಕೆ 60 ಲಕ್ಷ ಡಾಲರ್‌ವರೆಗಿನ ಗುತ್ತಿಗೆ. ಅದರಲ್ಲಿ ಅರ್ಧದಷ್ಟು ಆಗಲೇ ಸಂದಾಯವಾಗಿತ್ತು.

ಹೊಸ ಕಂಪನಿಗಳು ಮುಳುಗುವುದು ಮಾಮೂಲು, ಇದೂ ಹಾಗೆಯೇ ಎಂದು ಸುಮ್ಮನಾಗಬಹುದು. ಆದರೆ ಇದೇ ಊರು ಹನ್ನೊಂದು ವರ್ಷದ ಹಿಂದೆ ಇದಕ್ಕಿಂತ ದೊಡ್ಡ ಹಳ್ಳಕ್ಕೆ ಬಿದ್ದು ಎದ್ದಿತ್ತು. ಆಗಲೂ ಈಗಲೂ ಆಡಳಿತ ಕೊಂಡದ್ದು ಇನ್ನೂ ಹುಟ್ಟದ ಸರಕನ್ನು. ನಾನಿಲ್ಲಿ ವಿಮರ್ಶೆಗೆ ಇಟ್ಟುಕೊಂಡಿರುವುದು ಐಪ್ಯಾಡನ್ನೂ ಅಲ್ಲ, ಕೃತಕ ಬುದ್ಧಿಮತ್ತೆಯನ್ನೂ ಅಲ್ಲ, ಶಾಲೆಗಳ ದೊರೆಗಳು ತಂತ್ರಜ್ಞಾನ ಕೊಳ್ಳುವ ಈ ಅಭ್ಯಾಸವನ್ನು.

ಅಮೆರಿಕದ ‘ಶಾಲಾ ಜಿಲ್ಲೆ’ ನಮ್ಮ ಕಂದಾಯ ಜಿಲ್ಲೆಯಂತಲ್ಲ. ಶಾಲೆ ನಡೆಸುವುದಕ್ಕೆಂದೇ ಇರುವ ಪ್ರತ್ಯೇಕ ಆಡಳಿತ ಅದು. ಜನ ಆರಿಸಿದ ಮಂಡಳಿ ಇರುತ್ತದೆ, ಆ ಮಂಡಳಿ ಒಬ್ಬ ಸೂಪರಿಂಟೆಂಡೆಂಟರನ್ನು ನೇಮಿಸಿಕೊಳ್ಳುತ್ತದೆ. ನಮ್ಮ ಡಿಡಿಪಿಐಗೆ ಬೆಂಗಳೂರಿನಿಂದ ಬಂದ ಸುತ್ತೋಲೆಯನ್ನು ಬಿಇಒಗಳಿಗೆ ದಾಟಿಸುವುದರಲ್ಲೇ ಹೊತ್ತು ಹೋಗುತ್ತದೆ. ಅಲ್ಲಿನ ಸೂಪರಿಂಟೆಂಡೆಂಟ್ ತಾವೇ ಯೋಜನೆ ಹಾಕಿ, ಟೆಂಡರ್ ಕರೆಸಿ, ಮಂಡಳಿಯ ಒಪ್ಪಿಗೆ ಪಡೆದು ಕೊಂಡುಬಿಡಬಲ್ಲರು. ಲಾಸ್ ಏಂಜಲೀಸ್ ಆ ದೇಶದ ಎರಡನೇ ಅತಿ ದೊಡ್ಡ ಶಾಲಾ ಜಿಲ್ಲೆ. 2013ರಲ್ಲಿ ಅಲ್ಲಿ ಸುಮಾರು ಆರೂವರೆ ಲಕ್ಷ ಮಕ್ಕಳಿದ್ದರು. ಇಂಥ ಗಿರಾಕಿಯನ್ನು ಯಾವ ಕಂಪನಿ ತಾನೇ ಬಿಟ್ಟೀತು?

ಆಗಿನ ಸೂಪರಿಂಟೆಂಡೆಂಟ್ ಜಾನ್ ಡೇಸಿ ಅವರ ಯೋಜನೆ ಸರಳವಾಗಿತ್ತು: ಪ್ರತಿ ಮಗುವಿನ ಕೈಗೂ ಒಂದು ಐಪ್ಯಾಡ್. ಉಳ್ಳವರ ಮಕ್ಕಳಿಗೆ ಮನೆಯಲ್ಲೇ ಸಿಗುವುದು ಬಡವರ ಮಕ್ಕಳಿಗೆ ಶಾಲೆಯಲ್ಲಾದರೂ ಸಿಗಲಿ ಎಂಬುದು ಅವರ ವಾದ. ಇದರಲ್ಲಿ ಹುಳುಕೇನೂ ಇಲ್ಲ. ಈ ವಾದವನ್ನು ಎದುರಿಸಿ ಮಾತಾಡಿದವರು ಬಡವರ ವಿರೋಧಿಗಳಂತೆ ಕಾಣುತ್ತಿದ್ದರು ಎಂಬುದೇ ಅದರ ಬಲವಾಗಿತ್ತು, ಅಪಾಯವೂ ಆಗಿತ್ತು. 2013ರ ಜೂನ್‌ನಲ್ಲಿ ಮಂಡಳಿ ಮೊದಲ ಕಂತಾಗಿ ಆಪಲ್ ಕಂಪನಿಗೆ 3 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟಿತು. ಶಾಲೆಗಳಿಗೆ ವೈಫೈ ಎಳೆಯುವ ಖರ್ಚೂ ಸೇರಿ ಇಡೀ ಯೋಜನೆಯ ಅಂದಾಜು 130 ಕೋಟಿ ಡಾಲರ್. ಹಣ ಬಂದದ್ದು ಶಾಲಾ ಕಟ್ಟಡಗಳಿಗೆಂದು ಮತದಾರರು ಒಪ್ಪಿದ ಬಾಂಡ್‌ಗಳಿಂದ. ಅಂದರೆ ಮೂರ್ನಾಲ್ಕು ವರ್ಷ ಬಾಳುವ ಉಪಕರಣಕ್ಕೆ ದಶಕಗಳ ಕಾಲ ತೀರಿಸುವ ಸಾಲ.

ಒಂದೊಂದು ಐಪ್ಯಾಡ್‌ಗೆ ಹಾಕಿದ ಬೆಲೆ 678 ಡಾಲರ್. ಅಂಗಡಿಗೆ ಹೋದರೆ ಇದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ ಎಂದು ಕೇಳಿದವರಿಗೆ, ಇದರೊಳಗೆ ಪಿಯರ್ಸನ್ ಕಂಪನಿಯ ಪಾಠಗಳೂ ಇವೆ ಎಂಬ ಉತ್ತರ ಸಿಕ್ಕಿತು. ಪೆಟ್ಟಿಗೆ ಬಿಚ್ಚಿದಾಗ ಆ ಪಾಠಗಳು ಪೂರ್ತಿ ತಯಾರಾಗಿರಲೇ ಇಲ್ಲ. ಪ್ರತಿ ತರಗತಿಗೆ ಮಾದರಿಯೆಂದು ಕೆಲವೇ ಅಧ್ಯಾಯಗಳಿದ್ದವು, ಉಳಿದದ್ದು ಆಮೇಲೆ ಬರುತ್ತದೆ ಎಂಬ ಭರವಸೆಯಿತ್ತು. ಪಾಠದ ಪರವಾನಗಿ ಮೂರು ವರ್ಷದ್ದು. ಪಾಠ ಬಂದರೂ ಬಾರದಿದ್ದರೂ ಆ ಗಡುವು ಓಡುತ್ತಲೇ ಇತ್ತು. ಅರ್ಧ ಮುದ್ರಣವಾದ ಪಠ್ಯಪುಸ್ತಕವನ್ನು ಯಾವ ಸೂಪರಿಂಟೆಂಡೆಂಟ್ ಆದರೂ ಮಂಡಳಿಯ ಮುಂದೆ ತಂದು ಪೂರ್ತಿ ಬೆಲೆ ಕೊಡಿ ಎಂದು ಕೇಳುತ್ತಿದ್ದರೇ? ಪುಸ್ತಕವಾದರೆ ಹಾಳೆ ತಿರುವಿ ನೋಡುತ್ತಾರೆ. ಪರದೆಯೊಳಗೆ ಏನಿದೆಯೆಂದು ತಿರುವಿ ನೋಡುವ ಅಭ್ಯಾಸ ಮಂಡಳಿಗಳಿಗೆ ಇನ್ನೂ ಬಂದಂತಿಲ್ಲ. ಹೊರಗಿನ ಗಾಜು ಹೊಳೆದರೆ ಸಾಕು, ಒಳಗೂ ತುಂಬಿದೆ ಎಂದೇ ನಂಬುತ್ತಾರೆ.

ಮಕ್ಕಳು ಮಾತ್ರ ಒಳಗೆ ಇಣುಕಿದರು. ಬಾಯ್ಲ್ ಹೈಟ್ಸ್‌ನ ರೂಸ್‌ವೆಲ್ಟ್ ಹೈಸ್ಕೂಲಿನಲ್ಲಿ ಐಪ್ಯಾಡ್ ಹಂಚಿ ವಾರ ಕಳೆಯುವಷ್ಟರಲ್ಲಿ ಸುಮಾರು 300 ವಿದ್ಯಾರ್ಥಿಗಳು ಜಿಲ್ಲೆ ಹಾಕಿದ್ದ ಬೀಗವನ್ನು ತೆಗೆದಿದ್ದರು. ದೊಡ್ಡ ವಿದ್ಯೆಯೇನೂ ಬೇಕಾಗಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ತಮ್ಮ ಹೆಸರಿನಲ್ಲಿದ್ದ ಪ್ರೊಫೈಲನ್ನು ಅಳಿಸಿದರು, ಅಷ್ಟೆ. ಆಮೇಲೆ ಫೇಸ್‌ಬುಕ್ಕೂ ಯೂಟ್ಯೂಬೂ ಸರಾಗವಾಗಿ ತೆರೆದುಕೊಂಡವು. ಪತ್ರಿಕೆಗಳು ಇದನ್ನು ‘ಹ್ಯಾಕಿಂಗ್’ ಎಂದು ಬರೆದವು. (ಇಡೀ ಯೋಜನೆಯಲ್ಲಿ ಆ ಉಪಕರಣವನ್ನು ಕೂಲಂಕಷವಾಗಿ ಪರೀಕ್ಷಿಸಿದವರು ಈ ಹುಡುಗ ಹುಡುಗಿಯರೇ ಇರಬೇಕು.) ಜಿಲ್ಲೆ ಕಂಗಾಲಾಗಿ, ಐಪ್ಯಾಡ್ ಮನೆಗೆ ಒಯ್ಯುವಂತಿಲ್ಲ ಎಂದಿತು. ಉಳ್ಳವರ ಮಕ್ಕಳಿಗೆ ಮನೆಯಲ್ಲಿ ಇರುವಂಥದ್ದು ಬಡವರ ಮಕ್ಕಳಿಗೂ ಇರಲಿ ಎಂಬ ಮೂಲ ವಾದ ಅಲ್ಲಿಗೆ ಬಿದ್ದುಹೋಯಿತು. ಪರೀಕ್ಷೆ ಬರೆಯಲು ಕೀಬೋರ್ಡ್ ಬೇಕು, ಅದಕ್ಕೆ ಬೇರೆ ದುಡ್ಡು ತೆರಬೇಕು ಎಂಬುದೂ ತಡವಾಗಿ ಹೊಳೆಯಿತು.

ಮುಂದಿನದು ಪತ್ರಿಕೆಗಳಲ್ಲಿ ಬಂದ ಕಥೆ. ಟೆಂಡರ್ ಕರೆಯುವುದಕ್ಕೆ ಬಹಳ ಮೊದಲೇ ಡೇಸಿ ಮತ್ತು ಅವರ ಕೈಕೆಳಗಿನ ಹಿರಿಯ ಅಧಿಕಾರಿ ಪಿಯರ್ಸನ್‌ನವರೊಡನೆ ಮಾತಾಡಿಕೊಂಡಿದ್ದ ಇಮೇಲ್‌ಗಳು 2014ರ ಆಗಸ್ಟ್‌ನಲ್ಲಿ ಹೊರಬಿದ್ದವು. ಡೇಸಿ ಗುತ್ತಿಗೆಯನ್ನು ತಡೆಹಿಡಿದರು, ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. ಡಿಸೆಂಬರ್‌ನಲ್ಲಿ ಎಫ್‌ಬಿಐ ಬಂದು ಜಿಲ್ಲೆಯ ಕಚೇರಿಯಿಂದ 20 ಪೆಟ್ಟಿಗೆ ಕಡತ ಹೊತ್ತೊಯ್ದಿತು. ಕಡೆಗೆ ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಬಾರದ ಪಾಠಗಳ ಲೆಕ್ಕದಲ್ಲಿ ಸುಮಾರು 64 ಲಕ್ಷ ಡಾಲರ್‌ಗೆ ರಾಜಿಯಾಯಿತು.

ಎಲ್ಲರ ನೆನಪಿನಲ್ಲಿ ಉಳಿದದ್ದು ಈ ಐಪ್ಯಾಡ್. ನನ್ನ ಲೆಕ್ಕದಲ್ಲಿ ಅದೇ 2014ರ ಆಗಸ್ಟ್‌ನಲ್ಲಿ ನಡೆದ ಇನ್ನೊಂದು ಸಂಗತಿ ಅದಕ್ಕಿಂತ ಘೋರವಾದದ್ದು. ಮಕ್ಕಳ ದಾಖಲಾತಿ, ಹಾಜರಿ, ಅಂಕಪಟ್ಟಿ, ವೇಳಾಪಟ್ಟಿಗಳನ್ನು ನೋಡಿಕೊಳ್ಳಲು ಜಿಲ್ಲೆ ‘ಮಿಸಿಸ್’ ಎಂಬ ಹೊಸ ವ್ಯವಸ್ಥೆಯನ್ನು ಶಾಲೆ ಶುರುವಾಗುವ ದಿನವೇ ಎಲ್ಲ ಕಡೆ ಚಾಲೂ ಮಾಡಿತು. ವಿಶೇಷ ಅಗತ್ಯವುಳ್ಳ ಮಕ್ಕಳ ದಾಖಲೆ ಸರಿಯಾಗಿ ಇಡುತ್ತೇವೆಂದು ಹಳೆಯ ಮೊಕದ್ದಮೆಯೊಂದರಲ್ಲಿ ಒಪ್ಪಿಕೊಂಡಿದ್ದರಿಂದ ಇದು ಜಿಲ್ಲೆಗೆ ತಪ್ಪದ ಹೊರೆಯಾಗಿತ್ತು. ಇದರಲ್ಲಿ ಹೊಳಪಿಲ್ಲ, ಫೋಟೊ ತೆಗೆಸಿಕೊಳ್ಳುವಂಥದ್ದೇನೂ ಇಲ್ಲ. ಶಾಲೆಯ ಕಚೇರಿಯಲ್ಲಿ ಕೂತ ಗುಮಾಸ್ತರೂ ಕೌನ್ಸೆಲರ್‌ಗಳೂ ಬಳಸುವ ಸಾಮಾನು. ಇನ್ನೂ ಸಿದ್ಧವಾಗಿಲ್ಲ ಎಂಬ ಎಚ್ಚರಿಕೆಗಳಿದ್ದರೂ ಅದನ್ನು ಬಳಕೆಗೆ ಬಿಟ್ಟರು.

ದಕ್ಷಿಣ ಲಾಸ್ ಏಂಜಲೀಸ್‌ನ ಜೆಫರ್ಸನ್ ಹೈಸ್ಕೂಲಿನಲ್ಲಿ ವೇಳಾಪಟ್ಟಿ ಸಿಗದ ಮಕ್ಕಳನ್ನು ಸಭಾಂಗಣದಲ್ಲಿ ಕೂರಿಸಿದರು. ಕೆಲವರಿಗೆ ಆಗಲೇ ಓದಿ ಪಾಸಾಗಿದ್ದ ವಿಷಯವನ್ನೇ ಮತ್ತೆ ಕೊಟ್ಟರು. ಕೆಲವರಿಗೆ ಪಾಠವೇ ಇಲ್ಲದ ಅವಧಿಗಳನ್ನು ಕೊಟ್ಟು ಮನೆಗೆ ಕಳಿಸಿದರು. ಕಾಲೇಜಿಗೆ ಅರ್ಜಿ ಹಾಕಬೇಕಾದ ವರ್ಷ ಅದು. ಒಂದು ದಿನವಲ್ಲ, ವಾರಗಟ್ಟಲೆ ಹೀಗೇ ನಡೆದು, ಅಕ್ಟೋಬರ್‌ನಲ್ಲಿ ನ್ಯಾಯಾಧೀಶರೊಬ್ಬರು ಮಧ್ಯೆ ಬಂದು ರಾಜ್ಯ ಸರ್ಕಾರವೇ ಇದನ್ನು ಸರಿಪಡಿಸಬೇಕು ಎಂದು ಆಜ್ಞೆ ಮಾಡಬೇಕಾಯಿತು. ಐಪ್ಯಾಡ್ ಕೆಟ್ಟರೆ ಮೇಷ್ಟ್ರು ಕರಿಹಲಗೆಯ ಮೇಲೆ ಪಾಠ ಮಾಡುತ್ತಾರೆ. ಯಾವ ಮಗು ಯಾವ ಕೋಣೆಯಲ್ಲಿ ಇರಬೇಕು ಎಂಬ ಪಟ್ಟಿಯೇ ಕೆಟ್ಟರೆ ಮೇಷ್ಟ್ರ ಮುಂದೆ ಮಕ್ಕಳೇ ಇರುವುದಿಲ್ಲ. ಆದರೂ ಐಪ್ಯಾಡ್‌ಗೆ ಸಿಕ್ಕ ಚರ್ಚೆಯ ಕಾಲು ಭಾಗವೂ ಇದಕ್ಕೆ ಸಿಗಲಿಲ್ಲ. ಎಫ್‌ಬಿಐ ಹೊತ್ತೊಯ್ದ ಪೆಟ್ಟಿಗೆಗಳು ಜೆಫರ್ಸನ್‌ನ ಮಕ್ಕಳ ಕಳೆದುಹೋದ ವಾರಗಳಿಗೆ ಸಂಬಂಧಿಸಿದವಲ್ಲ.

ನಮ್ಮಲ್ಲಿಯೂ ಮಕ್ಕಳ ದಾಖಲೆಗೆಂದು ‘ಎಸ್‌ಎಟಿಎಸ್’ ಎಂಬ ವ್ಯವಸ್ಥೆ ಇದೆ. ಮಗುವಿನ ಹೆಸರಿನ ಒಂದು ಅಕ್ಷರ ತಪ್ಪಿ ದಾಖಲಾದರೆ ಏನೇನು ಪಾಡು ಎಂಬುದು ಮುಖ್ಯ ಶಿಕ್ಷಕರಿಗೆ ಗೊತ್ತು. ಆ ಕೆಲಸಕ್ಕೆ ಉದ್ಘಾಟನೆ, ರಿಬ್ಬನ್ನು, ಶಾಲು ಹಾರ ಯಾವುದೂ ಇರುವುದಿಲ್ಲ.

ಲಾಸ್ ಏಂಜಲೀಸ್ ಎಂದೂ ಸರಿಯಾಗಿ ಕೊಂಡಿಲ್ಲ ಎಂದರೆ ಅನ್ಯಾಯವಾದೀತು. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಶಾಲೆ ಮುಚ್ಚಿದಾಗ ಆಗಿನ ಸೂಪರಿಂಟೆಂಡೆಂಟ್ ಆಸ್ಟಿನ್ ಬ್ಯೂಟ್ನರ್ 10 ಕೋಟಿ ಡಾಲರ್‌ನ ತುರ್ತು ಖರ್ಚು ಘೋಷಿಸಿ ಸಾಧನಗಳನ್ನು ತರಿಸಿದರು, ಮನೆಯಲ್ಲಿ ಇಂಟರ್‌ನೆಟ್ ಇಲ್ಲದ ಮಕ್ಕಳಿಗಾಗಿ ವೆರೈಜನ್ ಕಂಪನಿಯೊಡನೆ ಕರಾರು ಮಾಡಿಕೊಂಡರು. ಎಲ್ಲರಿಗೂ ಬೇಗ ತಲುಪಿತೆಂದಲ್ಲ. ಆದರೆ ಬೇಕಾದದ್ದು ಏನೆಂಬುದು ಆಗ ಖಚಿತವಿತ್ತು: ಮಗುವಿನ ಮನೆಗೂ ಶಿಕ್ಷಕರಿಗೂ ನಡುವೆ ಒಂದು ತಂತಿ. ಶಿಕ್ಷಣವನ್ನೇ ಬದಲಿಸಿಬಿಡುತ್ತೇವೆ ಎಂಬ ಮಾತು ಆ ಕರಾರಿನಲ್ಲಿ ಇರಲಿಲ್ಲ, ಅದಕ್ಕೇ ಅದು ಕೆಲಸಕ್ಕೆ ಬಂತು.

ಅದೇ ಕೋವಿಡ್ ಹೊತ್ತಿನಲ್ಲಿ ಹರಿದ ಹಣ ಕಂಪನಿಗಳ ತಲೆ ತಿರುಗಿಸಿತು. ಬೆಂಗಳೂರಿನ ಬೈಜೂಸ್ 2021ರಲ್ಲಿ ಅಮೆರಿಕದ ಮಕ್ಕಳ ಪುಸ್ತಕದ ಆ್ಯಪ್ ‘ಎಪಿಕ್’ ಅನ್ನು 50 ಕೋಟಿ ಡಾಲರ್‌ಗೆ, ಕೋಡಿಂಗ್ ಕಲಿಸುವ ‘ಟಿಂಕರ್’ ಅನ್ನು 20 ಕೋಟಿಗೆ ಕೊಂಡಿತು. ಎರಡೂ ಅಲ್ಲಿನ ತರಗತಿಗಳಲ್ಲಿ ಬಳಕೆಯಲ್ಲಿದ್ದವು. 2025ರಲ್ಲಿ ದಿವಾಳಿ ಪ್ರಕ್ರಿಯೆಯಲ್ಲಿ ಎಪಿಕ್ 9.5 ಕೋಟಿಗೆ ಚೀನಾದ ಕಂಪನಿಯೊಂದರ ಪಾಲಾಯಿತು, ಟಿಂಕರ್ ಬರೀ 22 ಲಕ್ಷಕ್ಕೆ ಹೋಯಿತು. ತರಗತಿಯ ಬೀರುವಿನಲ್ಲಿರುವ ಪುಸ್ತಕ ಪ್ರಕಾಶಕ ಮುಳುಗಿದರೂ ಅಲ್ಲೇ ಇರುತ್ತದೆ. ಆ್ಯಪ್‌ನಲ್ಲಿರುವ ಪುಸ್ತಕ ಮತ್ತು ಅದನ್ನು ಓದಿದ ಮಗುವಿನ ವಿವರ ಎರಡೂ ಹರಾಜು ಕೂಗಿದವರ ಹಿಂದೆ ಹೋಗುತ್ತವೆ. ಬೋಧನೆಗೆ ಯಾವ ಸಾಧನ ಒಳ್ಳೆಯದು ಎಂದು ಕೇಳುವ ಅಧಿಕಾರಿಗಳು, ಈ ಕಂಪನಿಯ ಲೆಕ್ಕಪತ್ರ ಹೇಗಿದೆ ಎಂದು ಯಾಕೆ ಕೇಳುವುದಿಲ್ಲವೋ!

ಎಡ್ ವಿಷಯದಲ್ಲಿ ಕೇಳಿದ್ದರೆ ಏನು ಸಿಗುತ್ತಿತ್ತು? ಆಲ್‌ಹಿಯರ್ ಮೂಲದಲ್ಲಿ ಗೈರುಹಾಜರಾದ ಮಕ್ಕಳ ಮನೆಗೆ ಸಂದೇಶ ಕಳಿಸುತ್ತಿದ್ದ ಸಣ್ಣ ಕಂಪನಿ. ಅಮೆರಿಕದ ಅತಿ ದೊಡ್ಡ ಜಿಲ್ಲೆಗಳಲ್ಲಿ ಒಂದಕ್ಕೆ, ಯಾರೂ ಅದುವರೆಗೆ ಮಾಡಿರದ ಕೆಲಸವನ್ನು ಅದರ ಕೈಗೆ ಕೊಟ್ಟರು. 2024ರ ನವೆಂಬರ್‌ನಲ್ಲಿ ಕಂಪನಿಯ ಸಂಸ್ಥಾಪಕಿಯ ಮೇಲೆ ಹೂಡಿಕೆದಾರರನ್ನು ವಂಚಿಸಿದ ಆರೋಪ ಹೊರಿಸಿ ನ್ಯೂಯಾರ್ಕ್‌ನಲ್ಲಿ ಕೇಂದ್ರ ಸರ್ಕಾರದ ವಕೀಲರು ಮೊಕದ್ದಮೆ ಹೂಡಿದರು. ಅವರ ಪ್ರಕಾರ, 2020ರಲ್ಲಿ 37 ಲಕ್ಷ ಡಾಲರ್ ವರಮಾನ ಬಂದಿದೆ ಎಂದು ಹೇಳಿಕೊಂಡ ಕಂಪನಿಗೆ ನಿಜವಾಗಿ ಬಂದದ್ದು 11 ಸಾವಿರ ಡಾಲರ್ ಮಾತ್ರ. ಆರೋಪ ನಿಜವೋ ಸುಳ್ಳೋ ಹೇಳುವುದು ನ್ಯಾಯಾಲಯದ ಕೆಲಸ. ಹೂಡಿಕೆದಾರರೇ ಮೋಸಹೋದಲ್ಲಿ ಶಾಲೆಯವರಿಗೆ ಹೇಗೆ ಗೊತ್ತಾಗಬೇಕು ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಹೂಡಿಕೆದಾರ ಕಳೆದುಕೊಳ್ಳುವುದು ತನ್ನ ಹಣ. ಜಿಲ್ಲೆ ಒತ್ತೆ ಇಟ್ಟದ್ದು ಮಕ್ಕಳ ದಾಖಲೆಗಳನ್ನು. ಚಾಟ್‌ಬಾಟ್ ಅಗತ್ಯಕ್ಕಿಂತ ಹೆಚ್ಚು ಮಕ್ಕಳ ಮಾಹಿತಿಯನ್ನು ಹೊರಗಿನ ಕಂಪನಿಗಳಿಗೆ ದಾಟಿಸುತ್ತಿದೆ ಎಂದು ಆ ಕಂಪನಿಯಲ್ಲಿದ್ದ ಎಂಜಿನಿಯರೊಬ್ಬರೇ ದೂರಿದ್ದರು. ಅದಕ್ಕೂ ಎರಡು ವರ್ಷ ಮುಂಚೆ, 2022ರ ಸೆಪ್ಟೆಂಬರ್‌ನಲ್ಲಿ, ಇದೇ ಜಿಲ್ಲೆಯ ಕಂಪ್ಯೂಟರ್‌ಗಳಿಗೆ ‘ವೈಸ್ ಸೊಸೈಟಿ’ ಎಂಬ ಗುಂಪು ಕನ್ನ ಹಾಕಿ, ಒತ್ತೆಹಣ ಕೊಡದ್ದಕ್ಕೆ ಕದ್ದ ಕಡತಗಳನ್ನೆಲ್ಲ ಬಯಲಿಗೆ ಸುರಿದಿತ್ತು. ಆಗಲೂ ಮುಖ್ಯಸ್ಥರು ಕರ್ವಾಲೊ ಅವರೇ. ಹಣ ತೆರದೆ ಗಟ್ಟಿಯಾಗಿ ನಿಂತದ್ದು ಅವರ ಹೆಗ್ಗಳಿಕೆ. ಒಮ್ಮೆ ಬಿಸಿ ತಾಗಿದವರು ಎರಡೇ ವರ್ಷದಲ್ಲಿ ಹೊಸ ಕಂಪನಿಯೊಂದಕ್ಕೆ ಬಾಗಿಲು ತೆರೆದುಕೊಟ್ಟದ್ದು ಹೇಗೆ ಎಂಬುದು ನನಗೆ ಅರ್ಥವಾಗುವುದಿಲ್ಲ.

ಹೊಳೆಯುವುದು ಒಂದೇ ಕಾರಣ. ಸೂಪರಿಂಟೆಂಡೆಂಟರ ಅವಧಿ ಚಿಕ್ಕದು, ಶಿಕ್ಷಣದ ಫಲ ಬರುವುದು ನಿಧಾನ. ಓದು ಸುಧಾರಿಸಿತೇ ಎಂದು ತಿಳಿಯುವ ಹೊತ್ತಿಗೆ ಅವರು ಇನ್ನೊಂದು ಊರಿನಲ್ಲಿರುತ್ತಾರೆ. ಅವರ ಅವಧಿಯೊಳಗೆ ಖಂಡಿತ ಮುಗಿಯುವುದೆಂದರೆ ಘೋಷಣೆ. ‘ಮೊದಲಿಗರು ನಾವೇ’ ಎನ್ನಬೇಕಾದರೆ ಬೇರೆಲ್ಲೂ ಇಲ್ಲದ್ದನ್ನು ಕೊಳ್ಳಬೇಕು, ಬೇರೆಲ್ಲೂ ಇಲ್ಲದ್ದು ಎಂದರೆ ಇನ್ನೂ ಯಾರೂ ಬಳಸಿ ನೋಡದ್ದು. ಮಾರುವವರಿಗೂ ಇದು ಗೊತ್ತು.

ಆದರೂ ತಾಳ್ಮೆ ಈ ಮಂಡಳಿಗೆ ಬಾರದ್ದೇನಲ್ಲ. ಎಡ್ ಬಾಯಿ ಮುಚ್ಚಿದ ನಾಲ್ಕನೇ ದಿನ, 2024ರ ಜೂನ್ 18ರಂದು, ಅದೇ ಮಂಡಳಿ ಶಾಲೆಯಲ್ಲಿ ಮೊಬೈಲ್ ಬಳಕೆಯನ್ನು 5–2 ಮತದಿಂದ ನಿಷೇಧಿಸಿತು. ಅದನ್ನು ಮರುದಿನವೇ ಜಾರಿಗೆ ತರಲಿಲ್ಲ. 2025ರ ಫೆಬ್ರುವರಿವರೆಗೆ ಕಾದು, ಫೋನನ್ನು ಬೀಗದ ಚೀಲದಲ್ಲಿ ಇಡುವುದೋ, ಪೆಟ್ಟಿಗೆಯಲ್ಲೋ, ಮಕ್ಕಳ ಬ್ಯಾಗಿನಲ್ಲೇ ಬಿಡುವುದೋ ಎಂಬ ತೀರ್ಮಾನವನ್ನು ಆಯಾ ಶಾಲೆಗೆ ಬಿಟ್ಟರು. ಚೀಲ ಬೇಡ ಎಂದ ಶಾಲೆಗೆ ಯಾರೂ ಚೀಲ ಹೊರಿಸಲಿಲ್ಲ. ಐಪ್ಯಾಡ್ ಬೇಕೇ ಎಂದು ರೂಸ್‌ವೆಲ್ಟ್‌ನ ಶಿಕ್ಷಕರನ್ನೂ, ಮಿಸಿಸ್ ಸಿದ್ಧವಿದೆಯೇ ಎಂದು ಜೆಫರ್ಸನ್‌ನ ಕೌನ್ಸೆಲರ್‌ಗಳನ್ನೂ ಇದೇ ತಾಳ್ಮೆಯಿಂದ ಕೇಳಬಹುದಿತ್ತು.