ಉಕ್ಕಿಗೆ ಹದ ಕೊಡುವ ಕೈ

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಫ್ಯಾಬ್ರಿಕೇಷನ್ ಶೆಡ್ಡಿನಲ್ಲಿ ಆಫ್‌ರೋಡ್ ಸ್ಪರ್ಧೆಯ ಥಾರ್ ಜೀಪಿಗೆ ಮುಂದಿನ ಬಂಪರ್ ಕಟ್ಟುವುದನ್ನು ನಿಂತು ನೋಡಬೇಕು. ವಿಜಯಪುರ ಕಡೆಯ ಮೇಸ್ತ್ರಿ ಮೊದಲು ಉಕ್ಕನ್ನು ಮುಟ್ಟುವುದೇ ಇಲ್ಲ. ರಟ್ಟು ಕತ್ತರಿಸಿ, ಗಾಡಿಯ ಮೂತಿಗೆ ಹಿಡಿದು, ಮಡಿಚಿ, ಮತ್ತೆ ಕತ್ತರಿಸಿ ಅಳತೆ ಪಕ್ಕಾ ಮಾಡಿಕೊಳ್ಳುತ್ತಾರೆ.

2020ರ ಥಾರ್‌ನ ಅಪ್ರೋಚ್ ಆ್ಯಂಗಲ್ 41.8 ಡಿಗ್ರಿ. ಕಡಿದಾದ ದಿಬ್ಬ ಎದುರಾದಾಗ ಮೂತಿಗಿಂತ ಮೊದಲು ಚಕ್ರ ನೆಲ ಹಿಡಿಯಬೇಕು. ಆ ಲೆಕ್ಕ ಕೆಡದಂತೆ ಬಂಪರಿನ ಎರಡೂ ತುದಿಗಳನ್ನು ಮೇಲಕ್ಕೆ ಓರೆಯಾಗಿ ಕತ್ತರಿಸುವುದರಲ್ಲೇ ಅವರ ಜಾಣ್ಮೆಯಿದೆ.

ಬೆಸುಗೆಯನ್ನು ಒಂದೇ ಸಮ ಎಳೆದರೆ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಅದಕ್ಕೇ ಮೊದಲು ಅಲ್ಲಲ್ಲಿ ಟ್ಯಾಕ್ ಹಾಕಿ, ಆಮೇಲೆ ಎಡಕ್ಕೆ ಒಂದು ಗೇಣು, ಬಲಕ್ಕೆ ಒಂದು ಗೇಣು. ಆರಿದ ಬೆಸುಗೆಯ ಮೇಲೆ ಬೆರಳಾಡಿಸಿದರೆ ಮೀನಿನ ಹುರುಪೆಯಂತೆ ಒಂದಕ್ಕೊಂದು ಒರಗಿದ ಸಣ್ಣ ಅಲೆಗಳು. ಎಲ್ಲವೂ ಒಂದೇ ಅಗಲ.

ಕೆಸರಿನಲ್ಲಿ ಹೂತ ಗಾಡಿಯನ್ನು ವಿಂಚ್ ಎಳೆಯುವಾಗ ಬೀಳುವ ಭಾರವನ್ನು ಚಾಸಿ ಹೊರಬೇಕು, ತಗಡಲ್ಲ. ಹಾಗಾಗಿ ವಿಂಚ್ ಪ್ಲೇಟು, ಶ್ಯಾಕಲ್ ಕೊಂಡಿಗಳ ಹಿಡಿತವೆಲ್ಲ ನೇರ ಚಾಸಿಗೇ. ರೇಡಿಯೇಟರ್‌ಗೆ ಗಾಳಿಯ ದಾರಿ ಬಿಟ್ಟಿರುತ್ತಾರೆ. ತಳದಲ್ಲಿ ರಾಡಿನೀರು ಇಳಿಯಲು ಕಿರುತೂತುಗಳು. ತುಕ್ಕು ಹಿಡಿಯುವ ಜಾಗ ಅವರಿಗೆ ಮೊದಲೇ ಗೊತ್ತು.

2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಗಾಡಿಯ ಮೂತಿಗೆ ಹೊರಗಿನಿಂದ ಕಟ್ಟಿಸುವ ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತು. ಪಾದಚಾರಿಗಳ ಜೀವದ ಮಾತು ಅದು. ಈ ಮೇಸ್ತ್ರಿಯೂ ಊರಿನ ರಸ್ತೆಯಲ್ಲಿ ಓಡುವ ಗಾಡಿಗೆ ಇಂಥದ್ದನ್ನು ಕಟ್ಟುವುದಿಲ್ಲ. ಎಲ್ಲಿ ಗಟ್ಟಿಯಾಗಬೇಕು, ಎಲ್ಲಿ ಬೇಡವೆನ್ನಬೇಕು ಎಂಬ ಎರಡನ್ನೂ ಬಲ್ಲ ಇಂಥ ಕಸುಬುದಾರರಿಗೆ ನನ್ನ ಮನಸಾರೆ ನಮಸ್ಕಾರ.